ಅಜ್ಜ ಅಜ್ಜಿಯರ ಕ್ಲಾಸಿಗೆ ಹಾಜರಿ ಕರೆಯುವವರು ಯಾರು?

ಶ್ರೀನಿವಾಸಪುರ ಅಂದರೆ ಮಾವು ಎಂಬುದು ಎಲ್ಲರಿಗೂ ಗೊತ್ತು. ಅದೇ ತಾಲ್ಲೂಕಿನ ಹಳ್ಳಿಗಳ ಅಜ್ಜ ಅಜ್ಜಿಯರ ತಲೆಯೊಳಗೆ ಏನಾಗುತ್ತಿದೆ ಎಂದು ನೋಡಲು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿರುವ ಮಿದುಳು ಸಂಶೋಧನಾ ಕೇಂದ್ರದವರು 2018ರಿಂದ ಅಲ್ಲಿ ಕೆಲಸ ನಡೆಸಿದ್ದಾರೆ ಎಂಬುದು ಮಾತ್ರ ನಮ್ಮ ಜಿಲ್ಲೆಯವರಿಗೇ ಅಷ್ಟಾಗಿ ತಿಳಿಯದು. 45 ದಾಟಿದ 10,000 ಹಳ್ಳಿಗರನ್ನು ವರ್ಷಾನುಗಟ್ಟಲೆ ಗಮನಿಸಬೇಕು, ಯಾರಿಗೆ ಮರೆವಿನ ಕಾಯಿಲೆ ಬರುತ್ತದೆ, ಯಾರಿಗೆ ಬರುವುದಿಲ್ಲ, ಕಾರಣವೇನು ಎಂದು ಹುಡುಕಬೇಕು ಎಂಬುದು ಅವರ ಯೋಜನೆ. ರಕ್ತ ತೆಗೆಯುತ್ತಾರೆ, ಪ್ರಶ್ನೆ ಕೇಳುತ್ತಾರೆ, ನೆನಪಿನ ಪರೀಕ್ಷೆ ಮಾಡುತ್ತಾರೆ.

ಹೀಗೆ ನಮ್ಮ ಜನ ವಿಜ್ಞಾನಕ್ಕೆ ರಕ್ತವನ್ನೂ ಕೊಟ್ಟಿದ್ದಾರೆ, ಪುರುಸೊತ್ತನ್ನೂ ಕೊಟ್ಟಿದ್ದಾರೆ. ಪ್ರತಿಯಾಗಿ ಜಿಲ್ಲೆ ಅವರಿಗೆ ಏನು ಕೊಟ್ಟಿದೆ ಎಂದು ಕೇಳುವ ಕಾಲ ಬಂದಿದೆ. ಯಾಕೆಂದರೆ ಈಚೆಗೆ ಪೆನ್ಷನ್‌ದಾರರ ನಡುವೆ ಒಂದು ಮಾತು ಜೋರಾಗಿ ಓಡಾಡುತ್ತಿದೆ. ವಯಸ್ಸಾದ ಮೇಲೆ ಯಾವುದಾದರೂ ಕ್ಲಾಸಿಗೆ ಸೇರಿಕೊಂಡರೆ ನೆನಪು ಉಳಿಯುತ್ತದಂತೆ. ಸಂಗೀತವೋ, ಸಂಸ್ಕೃತವೋ, ಕಂಪ್ಯೂಟರೋ, ಏನೋ ಒಂದು. ಇದು ನಿಜವೇ? ನಿಜವಾದರೆ ಯಾರಿಗೆ ನಿಜ? ನಿವೃತ್ತ ಗೆಜೆಟೆಡ್ ಅಧಿಕಾರಿಗಳಿಗೋ, ನಂಗಲಿ ಕಡೆಯ ಹಳ್ಳಿಯಲ್ಲಿ ಎಮ್ಮೆ ಕಟ್ಟಿಕೊಂಡಿರುವ ಮುದುಕಿಗೋ?

ಒಂದೆಲಗದ ಚಟ್ನಿ ತಿಂದರೆ ನೆನಪು ಬರುತ್ತದೆ ಎಂದು ವಾದಿಸುವವರು ದಯವಿಟ್ಟು ಇನ್ನೊಂದು ದಿನ ಬನ್ನಿ. ಇವತ್ತು ಕ್ಲಾಸಿನ ವಿಷಯ ಮಾತ್ರ.

ಮರೆವು ಬೇರೆ, ಕಾಯಿಲೆ ಬೇರೆ

ಅರವತ್ತಕ್ಕೆ ಅರಳು ಮರಳು ಎಂಬ ಗಾದೆ ನಮ್ಮಲ್ಲಿ ಬಹಳ ಅನ್ಯಾಯ ಮಾಡಿದೆ. ಕನ್ನಡಕ ಎಲ್ಲಿಟ್ಟೆ ಎಂದು ಮನೆಯೆಲ್ಲ ಹುಡುಕುವುದು ವಯಸ್ಸಿನ ಮರೆವು. ನಲವತ್ತು ವರ್ಷ ಓಡಾಡಿದ ದಾರಿಯಲ್ಲೇ ಮನೆ ಯಾವ ಕಡೆ ಎಂದು ತಿಳಿಯದೆ ನಿಂತುಬಿಡುವುದು, ಹೆತ್ತ ಮಗಳನ್ನು ನೀನು ಯಾರಮ್ಮ ಎಂದು ಕೇಳುವುದು ಕಾಯಿಲೆ. ಡಾಕ್ಟರರು ಡಿಮೆನ್ಷಿಯಾ ಅನ್ನುವುದು ಈ ಎರಡನೆಯದಕ್ಕೆ. ಮೊದಲನೆಯದಕ್ಕೆ ಹೆದರಬೇಕಿಲ್ಲ, ಎರಡನೆಯದನ್ನು 'ವಯಸ್ಸಾಯ್ತಲ್ಲ ಬಿಡಿ' ಎಂದು ತಳ್ಳಿಹಾಕಬಾರದು. ನಮ್ಮಲ್ಲಿ ಆಗುತ್ತಿರುವುದು ಇದಕ್ಕೆ ತಿರುಗಾಮುರುಗಾ.

ದೇಶದಾದ್ಯಂತ ನಡೆದ ಸಮೀಕ್ಷೆಯೊಂದರ ಲೆಕ್ಕ 2023ರಲ್ಲಿ ಪ್ರಕಟವಾಯಿತು. 60 ದಾಟಿದ ಭಾರತೀಯರಲ್ಲಿ ಶೇಕಡಾ 7.4 ಮಂದಿಗೆ, ಅಂದರೆ ಸುಮಾರು 88 ಲಕ್ಷ ಜನಕ್ಕೆ ಈ ಕಾಯಿಲೆ ಇದೆ ಎಂದು ಅಂದಾಜು. ಅದರೊಳಗೆ ಹೊಕ್ಕು ನೋಡಿದರೆ ಇನ್ನೊಂದು ಸಂಗತಿ. ಗಂಡಸರಿಗಿಂತ ಹೆಂಗಸರಲ್ಲಿ ಹೆಚ್ಚು, ಪಟ್ಟಣಕ್ಕಿಂತ ಹಳ್ಳಿಯಲ್ಲಿ ಹೆಚ್ಚು, ಓದಿದವರಿಗಿಂತ ಓದದವರಲ್ಲಿ ಹೆಚ್ಚು. ಹಳ್ಳಿ, ಹೆಂಗಸು, ಓದು ಇಲ್ಲ. ಈ ಮೂರನ್ನೂ ಒಟ್ಟಿಗೆ ಸೇರಿಸಿ ನೋಡಿ, ನಿಮ್ಮ ಅಜ್ಜಿಯ ಮುಖ ಕಾಣುತ್ತದೆ.

ಕ್ಲಾಸಿಗೆ ಹೋದರೆ ಏನಾಗುತ್ತದೆ?

ಇಂಗ್ಲೆಂಡಿನಲ್ಲಿ ವಯಸ್ಕರಿಗಾಗಿ ಸಂಜೆ ಕ್ಲಾಸು ನಡೆಸುವ ಪದ್ಧತಿ ಹಳೆಯದು. ಬ್ರಿಟನ್ನಿನ ದೊಡ್ಡ ಆರೋಗ್ಯ ದಾಖಲೆಯೊಂದನ್ನು ಹಿಡಿದು ಜಪಾನಿನ ತೊಹೋಕು ವಿಶ್ವವಿದ್ಯಾಲಯದ ಸಂಶೋಧಕರು 2,82,421 ಜನರ ಲೆಕ್ಕ ನೋಡಿದರು. ದಾಖಲೆಗೆ ಸೇರುವಾಗ ಇವರ ವಯಸ್ಸು 40ರಿಂದ 69. 2023ರಲ್ಲಿ ಹೊರಬಂದ ಫಲಿತಾಂಶ ಇದು: ಕ್ಲಾಸಿಗೆ ಹೋಗುತ್ತಿದ್ದವರಿಗೆ ಐದು ವರ್ಷದೊಳಗೆ ಡಿಮೆನ್ಷಿಯಾ ಬರುವ ಸಾಧ್ಯತೆ ಶೇಕಡಾ 19ರಷ್ಟು ಕಡಿಮೆ. ಹೊಸ ಸಮಸ್ಯೆ ಎದುರಾದಾಗ ಯೋಚಿಸಿ ಬಿಡಿಸುವ ಶಕ್ತಿ ಅವರಲ್ಲಿ ಹೆಚ್ಚು ಉಳಿದಿತ್ತು. ಆದರೆ, ಈ 'ಆದರೆ'ಯನ್ನು ಗಮನಿಸಿ, ಯಾವ ಚಿತ್ರ ಎಲ್ಲಿತ್ತು ಎಂದು ನೆನಪಿಟ್ಟುಕೊಳ್ಳುವ ಪರೀಕ್ಷೆಯಲ್ಲಿ ಹೋದವರಿಗೂ ಹೋಗದವರಿಗೂ ವ್ಯತ್ಯಾಸವೇನೂ ಕಾಣಲಿಲ್ಲ.

ಅಶ್ವತ್ಥಕಟ್ಟೆಯ ಮೇಲೆ ಕೂತ ನಮ್ಮ ಹಿರಿಯರ ಮುಂದೆ ಇದನ್ನು ಹೇಳಿದರೆ ಒಬ್ಬರಾದರೂ ತಕ್ಷಣ ಕೇಳುತ್ತಾರೆ: 'ಅಲ್ಲಯ್ಯಾ, ಕಾಲು ಗಟ್ಟಿ ಇರೋರು, ತಲೆ ಗಟ್ಟಿ ಇರೋರು ತಾನೇ ಕ್ಲಾಸಿಗೆ ಹೋಗೋದು? ಹೋಗಿದ್ದಕ್ಕೆ ಗಟ್ಟಿ ಆದರೋ, ಗಟ್ಟಿ ಇದ್ದುದಕ್ಕೆ ಹೋದರೋ?' ವಿಜ್ಞಾನಿಗಳಿಗೂ ಇದೇ ತಲೆನೋವು. ಆರೋಗ್ಯ, ಆದಾಯ, ಮೊದಲಿನ ಬುದ್ಧಿಶಕ್ತಿ ಎಲ್ಲವನ್ನೂ ಕಳೆದು ಕೂಡಿ ಲೆಕ್ಕ ಹಾಕಿದರೂ ಸಂಶಯ ಪೂರ್ತಿ ಹೋಗುವುದಿಲ್ಲ.

ಹಾಗಾಗಿ ಅಮೆರಿಕದ ಡಲ್ಲಾಸಿನಲ್ಲಿ ಡೆನಿಸ್ ಪಾರ್ಕ್ ಎಂಬ ವಿದ್ವಾಂಸೆ ಬೇರೆ ದಾರಿ ಹಿಡಿದರು. 60ರಿಂದ 90 ವಯಸ್ಸಿನ 221 ಜನ. ಯಾರು ಯಾವ ಗುಂಪಿಗೆ ಎಂಬುದನ್ನು ಅವರವರ ಇಷ್ಟಕ್ಕೆ ಬಿಡಲಿಲ್ಲ. ಕೆಲವರಿಗೆ ಕ್ಯಾಮೆರಾ ಕೊಟ್ಟು ಫೋಟೋ ತೆಗೆಯುವುದನ್ನೂ, ಕಂಪ್ಯೂಟರಿನಲ್ಲಿ ಅದನ್ನು ತಿದ್ದುವುದನ್ನೂ ಕಲಿಸಿದರು. ಕೆಲವರಿಗೆ ಬಟ್ಟೆ ತುಂಡು ಜೋಡಿಸಿ ಹೊದಿಕೆ ಹೊಲಿಯುವ ಪಾಠ. ನಮ್ಮ ಕಡೆ ಬೊಂತೆ ಅನ್ನುತ್ತೇವಲ್ಲ, ಉತ್ತರ ಕರ್ನಾಟಕದವರ ಕೌದಿ, ಅಂಥದ್ದು. ಕೆಲವರಿಗೆ ಎರಡೂ. ಇನ್ನು ಕೆಲವರನ್ನು ಸುಮ್ಮನೆ ಕೂಟ ಕಟ್ಟಿ ಹರಟೆ ಹೊಡೆಯಲು, ತಿರುಗಾಡಲು ಬಿಟ್ಟರು. ಮತ್ತೆ ಕೆಲವರು ಮನೆಯಲ್ಲೇ ಸಂಗೀತ ಕೇಳುತ್ತಾ, ಪದಬಂಧದಂಥ ಸುಲಭ ಆಟ ಆಡುತ್ತಾ ಇದ್ದರು. ಹೀಗೆ ಮೂರು ತಿಂಗಳು, ವಾರಕ್ಕೆ ಸುಮಾರು 15 ಗಂಟೆ.

ಹೊಸ ಪಾಠ ಕಲಿತವರ ನೆನಪು ಸುಧಾರಿಸಿತು. ಅದರಲ್ಲೂ ಕ್ಯಾಮೆರಾ ಹಿಡಿದವರದು ಹೆಚ್ಚು. ಹರಟೆ ಕೂಟದವರಿಗೆ, ಮನೆಯಲ್ಲಿ ಪದಬಂಧ ತುಂಬಿದವರಿಗೆ ಅಂಥ ಲಾಭ ಸಿಗಲಿಲ್ಲ. ಇದು ಹಾಗಾದರೆ ಕ್ಲಾಸು ಎಂಬ ಹೆಸರಿನ ಮಹಿಮೆಯಲ್ಲ. ಬಾರದ ವಿದ್ಯೆಗೆ ಕೈ ಹಾಕಿ, ತಪ್ಪು ಮಾಡಿ, ಬೆವರಿ, ಮತ್ತೆ ಮಾಡಿದ್ದರ ಫಲ. ಐವತ್ತು ವರ್ಷದಿಂದ ಬೊಂತೆ ಹೊಲಿಯುತ್ತಿರುವ ನಮ್ಮ ಅಜ್ಜಿಗೆ ಇನ್ನೊಂದು ಬೊಂತೆ ಹೊಲಿ ಎಂದರೆ ಮಿದುಳಿಗೆ ಕೆಲಸವೇ ಇಲ್ಲ. ಆಕೆಯ ಕೈಗೆ ಕ್ಯಾಮೆರಾ ಕೊಡಿ, ಆಗ ನೋಡಿ.

ಇನ್ನೊಂದು ಪ್ರಯೋಗ ಓದುಗರಿಗೆ ಸ್ವಲ್ಪ ನಗು ತರಿಸಬಹುದು. ಅಮೆರಿಕದಲ್ಲೇ 65 ದಾಟಿದ 2,832 ಜನರನ್ನು ಸೇರಿಸಿ ಒಂದು ಗುಂಪಿಗೆ ನೇರವಾಗಿ ನೆನಪಿನ ಪಾಠವನ್ನೇ ಹೇಳಿಕೊಟ್ಟರು. ಪಟ್ಟಿಯನ್ನು ಹೇಗೆ ಜೋಡಿಸಿಕೊಂಡು ನೆನಪಿಡಬೇಕು, ಕಥೆಯನ್ನು ಹೇಗೆ ಹಿಡಿದಿಡಬೇಕು ಎಂದು. ಇನ್ನೊಂದು ಗುಂಪಿಗೆ ತರ್ಕದ ಪಾಠ, ಮತ್ತೊಂದಕ್ಕೆ ಕಣ್ಣಿಗೆ ಕಂಡದ್ದನ್ನು ಚುರುಕಾಗಿ ಗ್ರಹಿಸುವ ಪಾಠ. ತಲಾ ಹತ್ತು ತರಗತಿ. ಹತ್ತು ವರ್ಷದ ಮೇಲಿನ ಫಲಿತಾಂಶ 2014ರಲ್ಲಿ ಬಂತು. ತರ್ಕದವರಲ್ಲಿ, ಚುರುಕಿನವರಲ್ಲಿ ಪಾಠದ ಗುಣ ಇನ್ನೂ ಕಾಣುತ್ತಿತ್ತು. ನೆನಪಿನ ಪಾಠ ಕಲಿತವರು ಮಾತ್ರ ಅದನ್ನು ಮರೆತಿದ್ದರು!

ಆಸ್ಟ್ರೇಲಿಯಾದ ಟಾಸ್ಮೇನಿಯಾದಲ್ಲಿ 50ರಿಂದ 79 ವಯಸ್ಸಿನವರನ್ನು ವಿಶ್ವವಿದ್ಯಾಲಯಕ್ಕೇ ಸೇರಿಸಿ ನೋಡಿದ್ದಾರೆ. ಭಾಷೆಯ ಶಕ್ತಿ ಹೆಚ್ಚಿತು, ನೆನಪಿನಲ್ಲಿ ಅಂಥ ಬದಲಾವಣೆ ಇಲ್ಲ. ಕ್ಯಾಲಿಫೋರ್ನಿಯಾದಲ್ಲಿ ಮುದುಕರಿಗೆ ಶಾಲೆ ಹುಡುಗರ ಹಾಗೆ ಸ್ಪ್ಯಾನಿಷ್, ಚಿತ್ರಕಲೆ, ಟ್ಯಾಬ್ಲೆಟ್ ಬಳಕೆ ಮೂರನ್ನೂ ಒಟ್ಟಿಗೆ ಕಲಿಸಿದಾಗ ಒಳ್ಳೆಯ ಸುಧಾರಣೆ ಕಂಡಿದೆ. ಆದರೆ ಗುಂಪು ಸಣ್ಣದು.

ಇಷ್ಟನ್ನು ಒಟ್ಟಿಗೆ ಇಟ್ಟು ನೋಡಿದರೆ, 'ಕ್ಲಾಸಿಗೆ ಸೇರಿ, ನೆನಪು ವಾಪಸ್' ಎಂದು ಯಾರಾದರೂ ಬೋರ್ಡು ಹಾಕಿದರೆ ದುಡ್ಡು ಕೊಡುವ ಮುಂಚೆ ಯೋಚಿಸಿ ಅನ್ನಬೇಕಾಗುತ್ತದೆ. ಪಾಠದಿಂದ ಮಿದುಳಿಗೆ ಸಿಗುವುದು ಒಂದು ಬಗೆಯ ಮೀಸಲು. ಕೋಲಾರದವರಿಗೆ ಕೆರೆಯ ಲೆಕ್ಕದಲ್ಲಿ ಹೇಳಿದರೆ ಬೇಗ ಅರ್ಥವಾಗುತ್ತದೆ. ಮಳೆ ಎಲ್ಲರಿಗೂ ಕೈ ಕೊಡುತ್ತದೆ. ಕೆರೆಯಲ್ಲಿ ನೀರಿದ್ದ ಊರು ಇನ್ನೆರಡು ಬೆಳೆ ತಡೆಯುತ್ತದೆ. ವಯಸ್ಸಿನ ಪೆಟ್ಟು ಮಿದುಳಿಗೆ ಬಿದ್ದೇ ಬೀಳುತ್ತದೆ, ಮೀಸಲು ಇದ್ದವರು ಅದನ್ನು ತಡವಾಗಿ ತೋರಿಸುತ್ತಾರೆ.

ಮೇಷ್ಟ್ರ ಹಾರ್ಮೋನಿಯಂ

ನಮಗೆ ಪರಿಚಯದ ಒಬ್ಬ ಗಣಿತದ ಮೇಷ್ಟ್ರು ಇದ್ದಾರೆ. ನಿವೃತ್ತರಾಗಿ ಹದಿಮೂರು ವರ್ಷ. 71ನೇ ವಯಸ್ಸಿನಲ್ಲಿ ಹಾರ್ಮೋನಿಯಂ ಕಲಿಯಲು ಹೊರಟಿದ್ದಾರೆ. ಸರಳೆ ವರಸೆ ಮುಗಿದು ಜಂಟಿ ವರಸೆಗೆ ಬಂದಿದ್ದಾರೆ, ಪಕ್ಕದ ಮನೆಯವರು ತಾಳ್ಮೆಯಿಂದ ಸಹಿಸಿಕೊಂಡಿದ್ದಾರೆ. 'ಏನ್ ಸಾರ್, ಮರೆವು ಕಡಿಮೆ ಆಯ್ತಾ?' ಎಂದು ಕೇಳಿದೆವು.

'ಎಲ್ಲಿ ಕಡಿಮೆ ಆಗುತ್ತಯ್ಯಾ! ನಿನ್ನೆ ಮದುವೆ ಮನೇಲಿ ನನ್ನ ಸ್ಟೂಡೆಂಟೇ ಬಂದು ಕಾಲಿಗೆ ಬಿದ್ದ, ಹೆಸರು ಬರಲಿಲ್ಲ. ಚೆನ್ನಾಗಿದೀಯೇನಪ್ಪಾ ಅಂತ ಸುಧಾರಿಸಿದೆ. ಆದರೆ ಒಂದು ಹೇಳ್ತೀನಿ ಕೇಳು. ರಿಟೈರಾದ ಮೇಲೆ ನನಗೆ ಸೋಮವಾರ ಯಾವುದು ಭಾನುವಾರ ಯಾವುದು ಗೊತ್ತಾಗ್ತಾ ಇರಲಿಲ್ಲ. ಎಲ್ಲಾ ದಿನಾನೂ ಒಂದೇ. ಈಗ ಮಂಗಳವಾರ, ಶುಕ್ರವಾರ ಪಾಠ. ಗುರುವಾರ ರಾತ್ರಿ ಭಯ ಶುರುವಾಗುತ್ತೆ, ಪ್ರಾಕ್ಟೀಸ್ ಮಾಡಿಲ್ವಲ್ಲಾ ಅಂತ. ಮೂವತ್ತೈದು ವರ್ಷ ಹುಡುಗರನ್ನ ಹೆದರಿಸಿದವನು ಈಗ ನಾನು ಹೆದರ್ತಾ ಇದೀನಿ!'

ಈ ಭಯಕ್ಕೆ ಬೆಲೆ ಇದೆ ಎಂದು ನಮ್ಮ ಅಭಿಪ್ರಾಯ. ವಾರ ಗೊತ್ತಾಗುವುದು ಸಣ್ಣ ಸಂಗತಿಯಲ್ಲ. ನಾಳೆಗೆ ಒಂದು ಕೆಲಸ, ಕಾಯುವ ಒಬ್ಬ ಗುರು, ಬರದಿದ್ದರೆ ಯಾಕೆ ಬರಲಿಲ್ಲ ಎಂದು ಕೇಳುವ ನಾಲ್ಕು ಜನ. ಮಾತ್ರೆ ಅಂಗಡಿಯಲ್ಲಿ ಇವು ಸಿಗುವುದಿಲ್ಲ.

ಮೂವತ್ತಾರು ದಾಟಿದವರಿಗೆ ಬಾಗಿಲು ಬಂದ್

ಮೇಷ್ಟ್ರಿಗೆ ಪೆನ್ಷನ್ ಇದೆ, ಓದು ಇದೆ, ಹಾರ್ಮೋನಿಯಂ ಕೊಳ್ಳಲು ದುಡ್ಡಿದೆ. ಅವರಿಗೆ ಈ ಪತ್ರಿಕೆಯ ಸಲಹೆ ಬೇಕಿಲ್ಲ. ನಮ್ಮ ತಕರಾರು ಇರುವುದು ಇನ್ನೊಂದು ಕಡೆ.

ನ್ಯೂಯಾರ್ಕಿನಲ್ಲಿ ನಾಲ್ಕು ವರ್ಷವೂ ಶಾಲೆ ದಾಟದ 983 ಮುದುಕರನ್ನು ನೋಡಿದ ಅಧ್ಯಯನವೊಂದು 2019ರಲ್ಲಿ ಪ್ರಕಟವಾಯಿತು. ಎಲ್ಲರೂ ಬಡ ಓದಿನವರೇ. ಆದರೆ ಅವರೊಳಗೇ ಓದಲು ಬರೆಯಲು ಬರುವವರಿಗೆ ಹೋಲಿಸಿದರೆ ಅಕ್ಷರವೇ ಬಾರದವರಲ್ಲಿ ಡಿಮೆನ್ಷಿಯಾ ಸುಮಾರು ಮೂರು ಪಟ್ಟು. ಅಂದರೆ ಡಿಗ್ರಿ ಬೇಡ, ಅಕ್ಷರ ಒಂದಕ್ಕೇ ಇಷ್ಟು ತೂಕ ಇರಬಹುದು. ಮುದಿ ವಯಸ್ಸಿನಲ್ಲಿ ಕಲಿತ ಅಕ್ಷರಕ್ಕೂ ಅಷ್ಟೇ ತೂಕ ಇದೆಯೇ ಎಂಬುದು ಇದರಿಂದ ಸಿದ್ಧವಾಗುವುದಿಲ್ಲ, ನಿಜ. ಆದರೆ ಬಾರದ ವಿದ್ಯೆಗೆ ಕೈ ಹಾಕುವುದೇ ಮದ್ದು ಎಂದ ಮೇಲೆ, ಅಕ್ಷರ ಬಾರದವಳಿಗೆ ಅಕ್ಷರಕ್ಕಿಂತ ಹೊಸ ವಿದ್ಯೆ ಯಾವುದಿದೆ?

ಈಗ ಸರ್ಕಾರದ ಲೆಕ್ಕಕ್ಕೆ ಬನ್ನಿ. 1978ರ ಅಕ್ಟೋಬರ್ 2ರಂದು ದೇಶದಲ್ಲಿ ರಾಷ್ಟ್ರೀಯ ವಯಸ್ಕರ ಶಿಕ್ಷಣ ಕಾರ್ಯಕ್ರಮ ಶುರುವಾಯಿತು. ಯಾರಿಗೆ? 15ರಿಂದ 35 ವಯಸ್ಸಿನವರಿಗೆ. 1988ರಲ್ಲಿ ರಾಷ್ಟ್ರೀಯ ಸಾಕ್ಷರತಾ ಮಿಷನ್ ಬಂತು. ಯಾರಿಗೆ? ಮತ್ತೆ 15ರಿಂದ 35. 1978ರಲ್ಲಿ 36 ತುಂಬಿದ್ದ ಹೆಂಗಸಿಗೆ ಎರಡು ಸಲವೂ ಬಾಗಿಲು ಹಾಕಿತ್ತು. ಬದುಕಿದ್ದರೆ ಆಕೆಗೆ ಈಗ ಎಂಬತ್ತು ದಾಟಿದೆ. ದೇಶ ಕಟ್ಟಲು ಯುವಕರು ಮೊದಲು ಎಂಬುದು ಆಗಿನ ವಾದ. ಬಡ ಸರ್ಕಾರ ಆ ವಾದ ಮಾಡಿದ್ದನ್ನು ಪೂರ್ತಿ ತಪ್ಪು ಅನ್ನಲಾಗದು. 2009ರ ಸಾಕ್ಷರ ಭಾರತದಲ್ಲಿ, 2022ರಲ್ಲಿ ಶುರುವಾದ ನವ ಭಾರತ ಸಾಕ್ಷರತಾ ಕಾರ್ಯಕ್ರಮದಲ್ಲಿ '15 ಮತ್ತು ಮೇಲ್ಪಟ್ಟವರು' ಎಂದು ಬರೆದರು. ಬಾಗಿಲು ತೆರೆಯಿತು. ಆದರೆ ಎಂಬತ್ತರ ಅಜ್ಜಿಯ ಮನೆಗೆ ಹೋಗಿ, 'ಬಾರಮ್ಮಾ, ನಿನಗೂ ಜಾಗ ಇದೆ' ಎಂದು ಕರೆಯುವವರು ಬೇಕಲ್ಲ?

ಕರೆದರೆ ಬರುತ್ತಾರೆ. ಕೇರಳದ ಆಲಪ್ಪುಳ ಜಿಲ್ಲೆಯ ಕಾರ್ತ್ಯಾಯನಿ ಅಮ್ಮ 2018ರಲ್ಲಿ, ತಮ್ಮ 96ನೇ ವಯಸ್ಸಿನಲ್ಲಿ ಸಾಕ್ಷರತಾ ಪರೀಕ್ಷೆಗೆ ಕೂತು ನೂರಕ್ಕೆ 98 ಅಂಕ ತೆಗೆದು ರಾಜ್ಯಕ್ಕೇ ಮೊದಲಿಗರಾದರು. 2023ರಲ್ಲಿ ತೀರಿಕೊಂಡಾಗ ಅವರಿಗೆ 101. ಮಹಾರಾಷ್ಟ್ರದ ಥಾಣೆ ಜಿಲ್ಲೆಯ ಫಾಂಗಣೆ ಎಂಬ ಹಳ್ಳಿಯಲ್ಲಿ 2016ರ ಮಾರ್ಚ್ 8ರಂದು ಅಜ್ಜಿಯರಿಗೆಂದೇ ಶಾಲೆ ತೆರೆದರು. ಅಲ್ಲಿ ಅಜ್ಜಿಯರೆಲ್ಲ ಗುಲಾಬಿ ಸೀರೆಯ ಯೂನಿಫಾರಂ ಉಟ್ಟು, ಸ್ಲೇಟು ಹಿಡಿದು ಬಂದು ಕೂತರು. ಇವು ನೆನಪಿನ ಶಕ್ತಿ ಅಳೆಯಲು ತೆರೆದ ಶಾಲೆಗಳಲ್ಲ, ಅಳೆದೂ ಇಲ್ಲ. ಆದರೆ ಈ ವಯಸ್ಸಿನಲ್ಲಿ ತಲೆಗೆ ಹತ್ತುವುದಿಲ್ಲ ಎಂಬ ಮಾತಿಗೆ ಇದಕ್ಕಿಂತ ಉತ್ತರ ಬೇಕೇ?

ನಮ್ಮ ಜಿಲ್ಲೆಯ ಪುಕ್ಕಟೆ ಆಸ್ತಿ

ನಮ್ಮವರಿಗೆ ಅಕ್ಷರ ಇಲ್ಲದಿದ್ದರೂ ಭಾಷೆಗೆ ಬರವಿಲ್ಲ. ಮನೆಯಲ್ಲಿ ತೆಲುಗು, ಆಫೀಸಿನ ಮುಂದೆ ಕನ್ನಡ, ಕೆ.ಜಿ.ಎಫ್. ಕಡೆ ಹೋದರೆ ತಮಿಳು. ಒಂದೇ ವಾಕ್ಯದಲ್ಲಿ ಮೂರೂ ಬರುವುದುಂಟು. ಹೈದರಾಬಾದಿನಲ್ಲಿ ಡಾ. ಸುವರ್ಣ ಅಲ್ಲಾಡಿ ಮತ್ತು ಸಂಗಡಿಗರು 648 ಡಿಮೆನ್ಷಿಯಾ ರೋಗಿಗಳನ್ನು ಪರೀಕ್ಷಿಸಿ 2013ರಲ್ಲಿ ಒಂದು ವರದಿ ಪ್ರಕಟಿಸಿದರು. ಒಂದೇ ಭಾಷೆ ಬಲ್ಲವರಿಗಿಂತ ಎರಡು ಅಥವಾ ಹೆಚ್ಚು ಭಾಷೆ ಆಡುವವರಲ್ಲಿ ಕಾಯಿಲೆ ಸುಮಾರು ನಾಲ್ಕೂವರೆ ವರ್ಷ ತಡವಾಗಿ ಕಾಣಿಸಿಕೊಂಡಿತ್ತು. ಶಾಲೆಗೇ ಹೋಗದವರಲ್ಲೂ ಈ ವ್ಯತ್ಯಾಸ ಇತ್ತು ಎಂಬುದು ಮುಖ್ಯ. ಡಾ. ಅಲ್ಲಾಡಿ ಆಮೇಲೆ ಬೆಂಗಳೂರಿನ ನಿಮ್ಹಾನ್ಸಿಗೆ ಬಂದರು. ಎಲ್ಲ ವಿಜ್ಞಾನಿಗಳೂ ಇದನ್ನು ಒಪ್ಪಿಲ್ಲ, ಬೇರೆ ಕಡೆ ಬೇರೆ ಫಲಿತಾಂಶವೂ ಬಂದಿದೆ. ಆದರೂ ಗಡಿನಾಡಿನವರನ್ನು 'ಕಲಬೆರಕೆ ಭಾಷೆ' ಎಂದು ಹಾಸ್ಯ ಮಾಡುವವರು ಇದನ್ನೊಂದು ಸಲ ಓದಿಕೊಳ್ಳುವುದು ಒಳ್ಳೆಯದು.

ಕ್ಲಾಸು ತೆರೆಯುವ ಮೊದಲು ಇನ್ನೊಂದು ಕೆಲಸ ಇದೆ. ಕಿವಿ ಮತ್ತು ಕಣ್ಣು. ಲ್ಯಾನ್ಸೆಟ್ ಪತ್ರಿಕೆಯ ತಜ್ಞರ ಮಂಡಳಿ 2024ರಲ್ಲಿ ಡಿಮೆನ್ಷಿಯಾಕ್ಕೆ ದಾರಿಯಾಗುವ, ಆದರೆ ನಾವು ತಿದ್ದಬಹುದಾದ 14 ಕಾರಣಗಳನ್ನು ಗುರುತಿಸಿತು. ಎಲ್ಲವನ್ನೂ ತಿದ್ದಿದರೆ ಪ್ರಪಂಚದ ಶೇಕಡಾ 45ರಷ್ಟು ಡಿಮೆನ್ಷಿಯಾವನ್ನು ತಡೆಯಬಹುದು ಅಥವಾ ಮುಂದೂಡಬಹುದು ಎಂದು ಅವರ ಅಂದಾಜು. ಬಾಲ್ಯದಲ್ಲಿ ಓದು ಇಲ್ಲದಿರುವುದು ಅದರಲ್ಲಿದೆ, ಬಿ.ಪಿ., ಸಕ್ಕರೆ ಕಾಯಿಲೆ ಇದೆ, ಒಂಟಿತನ ಇದೆ, ಕಿವಿ ಮಂದವಾಗುವುದು, ಕಣ್ಣಿನ ಪೊರೆಗೆ ಚಿಕಿತ್ಸೆ ಮಾಡಿಸದಿರುವುದೂ ಇದೆ. ಅಜ್ಜನಿಗೆ ಕಿವಿ ಕೇಳಿಸದೆ ಮಾತು ತಪ್ಪಿದರೆ ಸೊಸೆ ಅದನ್ನು ಮರೆವು ಅಂದುಕೊಳ್ಳುತ್ತಾಳೆ. ಪೊರೆ ಬಂದ ಕಣ್ಣಿಗೆ 'ಅ' ಆದರೇನು, 'ಆ' ಆದರೇನು? ಮೊದಲು ಕನ್ನಡಕ, ಆಮೇಲೆ ಸ್ಲೇಟು.

ನಿಜವಾಗಿ ಕಾಯಿಲೆಯ ಲಕ್ಷಣ ಇದ್ದವರನ್ನು ಕ್ಲಾಸಿಗೆ ತಳ್ಳಿ ಮರೆತೆಯಾ ಎಂದು ಗದರಿಸುವುದು ಕ್ರೌರ್ಯ. ಅವರಿಗೆ ಆಸ್ಪತ್ರೆ ಬೇಕು. ನಿಮ್ಹಾನ್ಸ್ ಜೊತೆ ಸೇರಿ ರಾಜ್ಯ ಸರ್ಕಾರ 2022ರಲ್ಲಿ ಮಿದುಳು ಆರೋಗ್ಯ ಯೋಜನೆ ಆರಂಭಿಸಿದಾಗ ಮೊದಲು ಆರಿಸಿಕೊಂಡ ಕೆಲವೇ ಸ್ಥಳಗಳಲ್ಲಿ ಕೋಲಾರವೂ ಒಂದು. ಮನೆಯಲ್ಲಿ ಇಂಥವರಿದ್ದರೆ ಜಿಲ್ಲಾ ಆಸ್ಪತ್ರೆಗೆ ಕರೆದೊಯ್ದು ಕೇಳಿ.

ಶಾಲು ಬೇಡ, ಸ್ಲೇಟು ಕೊಡಿ

ಪ್ರತಿ ಅಕ್ಟೋಬರ್ 1ಕ್ಕೆ ಹಿರಿಯರ ದಿನ ಆಚರಿಸುತ್ತಾರೆ. ಶಾಮಿಯಾನ, ಬ್ಯಾನರು, ಶಾಲು, ಒಂದು ಸೇಬು, ಗಣ್ಯರ ಭಾಷಣ. ಹಿರಿಯರು ಬಿಸಿಲಿನಲ್ಲಿ ಕೂತು ಚಪ್ಪಾಳೆ ಹೊಡೆದು ಬಸ್ಸು ಹತ್ತುತ್ತಾರೆ. ಡಲ್ಲಾಸಿನಲ್ಲಿ ಗುಣ ಕಾಣಲು ವಾರಕ್ಕೆ 15 ಗಂಟೆಯಂತೆ ಮೂರು ತಿಂಗಳು ಬೇಕಾಯಿತು ಎಂಬುದನ್ನು ಇದರ ಪಕ್ಕದಲ್ಲಿಟ್ಟು ನೋಡಿ. ಅಷ್ಟು ಗಂಟೆ ನಮ್ಮಲ್ಲಿ ಆಗದು, ಸರಿ. ದಿನಕ್ಕೆ ಒಂದೂವರೆ ಗಂಟೆಯಾದರೂ ಆಗಬಾರದೇ? ಗ್ರಾಮ ಪಂಚಾಯಿತಿಗಳ ಲೈಬ್ರರಿಗೆ ಈಗ ಅರಿವು ಕೇಂದ್ರ ಎಂದು ಹೆಸರಿದೆ. ಪುಸ್ತಕ ಇದೆ, ಕಂಪ್ಯೂಟರ್ ಇರುವ ಕಡೆ ಅದೂ ಇದೆ. ಊರೂರಿನಲ್ಲಿ ನಿವೃತ್ತ ಮೇಷ್ಟ್ರುಗಳಿದ್ದಾರೆ. ಅವರಿಗೂ ಯಾವ ವಾರ ಎಂದು ತಿಳಿಯಬೇಕಾಗಿದೆ.

ಪಾಠ ಏನಿರಬೇಕು ಎಂದು ಮೇಲಿನಿಂದ ಸುತ್ತೋಲೆ ಬರುವುದು ಬೇಡ. ಮುಳಬಾಗಿಲು ತಾಲ್ಲೂಕಿನ ಹಳ್ಳಿಯೊಂದರಲ್ಲಿ ಎಪ್ಪತ್ತು ದಾಟಿದ ಅಜ್ಜಿಯೊಬ್ಬರನ್ನು ಮಾತಾಡಿಸಿದೆವು. ಎರಡು ಹೊತ್ತೂ ಡೇರಿಗೆ ಹಾಲು ಹಾಕುತ್ತಾರೆ. ಕೈಗೆ ಬರುವ ಚೀಟಿಯಲ್ಲಿ ಲೀಟರು ಎಷ್ಟು, ಫ್ಯಾಟು ಎಷ್ಟು, ದುಡ್ಡು ಎಷ್ಟು ಎಂದು ಓದಲು ಬರುವುದಿಲ್ಲ. ಮೊಮ್ಮಗಳು ಸ್ಕೂಲಿನಿಂದ ಬರುವ ತನಕ ಚೀಟಿ ಸೆರಗಿನ ಗಂಟಿನಲ್ಲಿ. ಹಾಲಿನ ಲೆಕ್ಕ ಮಾತ್ರ ತಿಂಗಳಿಡೀ ಬಾಯಲ್ಲಿ ಇದೆ, ಒಂದು ದಿನವೂ ತಪ್ಪುವುದಿಲ್ಲ.

'ಅಜ್ಜೀ, ಚೀಟಿ ಓದೋದು ಹೇಳಿಕೊಡ್ತಾರೆ ಅಂದ್ರೆ ಕ್ಲಾಸಿಗೆ ಬರ್ತೀರಾ?'

'ಬೆಳಿಗ್ಗೆ ಹಾಲು ಹಾಕಿ, ಅಟ್ಟುಣ್ಣೋ ಕೆಲಸ ಮುಗಿಸಿ ಹನ್ನೊಂದು ಗಂಟೆ ಆಗ್ತದಪ್ಪಾ. ಸಾಯಂಕಾಲ ಐದಕ್ಕೆ ಮತ್ತೆ ಕರೀಬೇಕು. ಮಧ್ಯದಾಗ ಆದ್ರೆ ಬತ್ತೀನಿ.'

ಸ್ವಲ್ಪ ಹೊತ್ತು ಯೋಚನೆ ಮಾಡಿ ಆಮೇಲೆ ಕೇಳಿದರು: 'ಮಾವಿನಕಾಯಿ ಸುಗ್ಗೀಗೆ ರಜಾ ಕೊಡ್ತಾರಾ?'